ಬೆತ್ತವಿಲ್ಲದೆ ತರಗತಿ ನಡೆಸುವುದು ಹೇಗೆ?

ಎರಡು ತಿಂಗಳ ಹಿಂದೆ ಜುಮಾ ಖುತ್ಬಾದಲ್ಲಿ ಮಕ್ಕಳ ಮೇಲಿನ ಕರುಣೆಯ ಕುರಿತು ನಾವು ಮಾತನಾಡಿದ್ದೆವು. ಅದರ ಸಾರಾಂಶ ಈ ಪತ್ರಿಕೆಯಲ್ಲೂ ಬಂದಿತ್ತು. ಅದನ್ನು ಓದಿದ ನಮ್ಮ ಮೊಹಲ್ಲಾದ ಸಹೋದರಿಯೊಬ್ಬರು ತಮ್ಮ ಪತಿಯ ಕೈಯಲ್ಲಿ ಒಂದು ಚೀಟಿ ಕಳುಹಿಸಿದರು. ಅವರು ಡಿ.ಎಡ್. ಮುಗಿಸಿ ಈ ವರ್ಷವಷ್ಟೇ ಶಿಕ್ಷಕಿಯಾಗಿ ಸೇರಿದವರು. ಚೀಟಿಯಲ್ಲಿದ್ದದ್ದು ಇಷ್ಟು: "ಉಸ್ತಾದರೇ, ಮಕ್ಕಳಿಗೆ ಕರುಣೆ ತೋರಿಸಬೇಕು ಎಂದಿರಿ, ಒಪ್ಪಿದೆ. ಆದರೆ ನನ್ನ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ 34 ಮಕ್ಕಳಿದ್ದಾರೆ. ಒಬ್ಬನನ್ನು ಕೂರಿಸಿದರೆ ಇನ್ನೊಬ್ಬ ಏಳುತ್ತಾನೆ. ಕರುಣೆಯಿಂದ ಗದ್ದಲ ನಿಲ್ಲುತ್ತದೆಯೇ? ಏನು ಮಾಡಬೇಕೆಂದು ಹೇಳಿ."

ನ್ಯಾಯವಾದ ಪ್ರಶ್ನೆ. ಮಿಂಬರಿನ ಮೇಲೆ ನಿಂತು ಕರುಣೆ ತೋರಿಸಿ ಎನ್ನುವುದು ಸುಲಭ. 34 ಮಕ್ಕಳ ಮುಂದೆ ನಿಂತವರಿಗೆ ಮಾತ್ರ ಅದರ ಕಷ್ಟ ಗೊತ್ತು. ನಾವೂ ಇಪ್ಪತ್ತು ವರ್ಷಗಳಿಂದ ಬೆಳಗಿನ ಮದ್ರಸದಲ್ಲಿ ಪುಟ್ಟ ಮಕ್ಕಳಿಗೆ ಕಲಿಸುತ್ತಿದ್ದೇವೆ. ಆದ್ದರಿಂದ ಈ ಸಲ ಉಪದೇಶ ಬದಿಗಿಟ್ಟು ಕೆಲಸಕ್ಕೆ ಬರುವ ಮಾತನ್ನೇ ಬರೆಯುತ್ತೇವೆ. ಅದಕ್ಕೂ ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ.

ನಾವು ಮಾಡಿದ ತಪ್ಪು

ಮದ್ರಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಮ್ಮ ಮೇಜಿನ ಮೇಲೆ ಯಾವಾಗಲೂ ಬೆತ್ತ ಇರುತ್ತಿತ್ತು. ನಮಗೆ ಕಲಿಸಿದವರೂ ಹಾಗೆಯೇ ಕಲಿಸಿದ್ದರು. ಬೇರೆ ದಾರಿ ಇದೆ ಎಂದು ಯೋಚಿಸಿದವರೇ ನಾವಲ್ಲ. ಆಗ ಎಂಟು ವರ್ಷದ ಒಬ್ಬ ಹುಡುಗನಿದ್ದ. ನಾವು ಹಲಗೆಯ ಮೇಲೆ ಬರೆಯಲು ತಿರುಗಿದರೆ ಸಾಕು, ಪಕ್ಕದವನೊಡನೆ ಪಿಸುಗುಟ್ಟುತ್ತಿದ್ದ. ಎಷ್ಟು ಹೇಳಿದರೂ ಬಿಡಲಿಲ್ಲ. ಹಲವು ಸಲ ಅಂಗೈಗೆ ಬಾರಿಸಿದೆವು. ಕೊನೆಗೆ ಅವನು ಸುಮ್ಮನಾದ. ದಾರಿಗೆ ಬಂದ ಎಂದು ನಮಗೆ ಸಮಾಧಾನವಾಯಿತು.

ಕೆಲವು ತಿಂಗಳ ನಂತರ ಅವನು ಓದುವ ಶಾಲೆಯ ಶಿಕ್ಷಕಿ ರಸ್ತೆಯಲ್ಲಿ ಸಿಕ್ಕರು. ಮಾತಿನ ನಡುವೆ, "ಆ ಹುಡುಗನಿಗೆ ದೂರದ್ದು ಕಾಣುವುದಿಲ್ಲ, ಗೊತ್ತೇ? ಕಣ್ಣಿನ ಪರೀಕ್ಷೆ ಮಾಡಿಸಿ ಕನ್ನಡಕ ಕೊಡಿಸಿದ್ದೇವೆ. ಈಗ ಚೆನ್ನಾಗಿ ಓದುತ್ತಾನೆ" ಎಂದರು. ನಮಗೆ ಮಾತೇ ಹೊರಡಲಿಲ್ಲ. ಆ ಮಗು ಪಕ್ಕದವನೊಡನೆ ಹರಟೆ ಹೊಡೆಯುತ್ತಿರಲಿಲ್ಲ, ಹಲಗೆಯ ಮೇಲೆ ಏನು ಬರೆದಿದೆ ಎಂದು ಕೇಳುತ್ತಿತ್ತು. ಕಲಿಯುವ ಆಸೆಗೆ ನಾವು ಪೆಟ್ಟು ಕೊಟ್ಟಿದ್ದೆವು. ಅವನು ಸುಮ್ಮನಾದದ್ದು ಶಿಸ್ತಿನಿಂದಲ್ಲ, ಕೇಳುವುದನ್ನೇ ಬಿಟ್ಟದ್ದರಿಂದ.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ನಾವು ಅವನಲ್ಲಿ ಕ್ಷಮೆ ಕೇಳಿದ್ದೇವೆ. ಅವನು ನಕ್ಕು, "ಅದೆಲ್ಲ ಯಾಕೆ ಉಸ್ತಾದರೇ" ಎಂದ. ಆದರೆ ಆ ದಿನದಿಂದ ಒಂದು ಮಾತು ನಮ್ಮ ಮನಸ್ಸಿನಲ್ಲಿ ನೆಟ್ಟಿದೆ. ತರಗತಿಯ ಮೌನ ಬೇರೆ, ಕಲಿಕೆ ಬೇರೆ. ಬೆತ್ತದಿಂದ ಮೊದಲನೆಯದನ್ನು ತರಬಹುದು, ಎರಡನೆಯದನ್ನು ತರಲಾಗದು.

ಗದ್ದಲಕ್ಕೆ ಕಾರಣ ಹುಡುಕಿ

ಜ್ವರ ಬಂದ ಮಗುವಿಗೆ ವೈದ್ಯರು ಮೊದಲು ಕಾರಣ ಹುಡುಕುತ್ತಾರೆ, ಆಮೇಲೆ ಮದ್ದು ಕೊಡುತ್ತಾರೆ. ತರಗತಿಯ ಗದ್ದಲವೂ ಜ್ವರದ ಹಾಗೆಯೇ. ನಾವು ಕಂಡಂತೆ ಅದಕ್ಕೆ ಆರು ಕಾರಣಗಳಿವೆ. ಮಗುವಿನ ಕೈಯಲ್ಲಿ ಕೆಲಸವಿಲ್ಲ. ಪಾಠ ಅರ್ಥವಾಗುತ್ತಿಲ್ಲ. ಪಾಠ ಆಗಲೇ ಗೊತ್ತಿದೆ, ಬೇಸರವಾಗಿದೆ. ಕೂತು ಕೂತು ಮೈ ಜಡವಾಗಿದೆ. ಹಸಿವು ಅಥವಾ ನಿದ್ದೆ. ಕಾಣುವುದಿಲ್ಲ ಅಥವಾ ಕೇಳಿಸುವುದಿಲ್ಲ. ಈ ಆರರಲ್ಲಿ ಒಂದಕ್ಕೂ ಬೆತ್ತ ಮದ್ದಲ್ಲ.

ಆದ್ದರಿಂದ ವರ್ಷದ ಮೊದಲ ವಾರದಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಹಲಗೆಯ ಮೇಲೆ ಕೆಲವು ಅಕ್ಷರ ಬರೆದು, ಪ್ರತಿ ಮಗುವನ್ನೂ ಹಿಂದಿನ ಗೋಡೆಯ ಬಳಿ ನಿಲ್ಲಿಸಿ ಓದಿಸಿ. ಕಣ್ಣು ಕಿರಿದು ಮಾಡುವ ಮಗುವನ್ನು ಗುರುತಿಸಿಕೊಳ್ಳಿ. ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ. ತಿರುಗದಿದ್ದರೆ ಕಿವಿ ತೋರಿಸಲು ಮನೆಯವರಿಗೆ ತಿಳಿಸಿ. ಇದಕ್ಕೆ ಖರ್ಚಿಲ್ಲ, ಅರ್ಧ ಗಂಟೆ ಸಾಕು.

ಬಾಗಿಲಲ್ಲೇ ತರಗತಿ ಆರಂಭ

ಆ ಶಿಕ್ಷಕಿಯ ಮಾತು ಕೇಳಿದ ಮೇಲೆ ಅವರ ತರಗತಿಯನ್ನು ನೋಡಬೇಕೆನಿಸಿತು. ಶುಕ್ರವಾರ ಮದ್ರಸಕ್ಕೆ ರಜೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಂದು ಶುಕ್ರವಾರ ಬೆಳಿಗ್ಗೆ ಹಿಂದಿನ ಸಾಲಿನಲ್ಲಿ ಕೂತು ನೋಡಿದೆವು. ಮುಂದೆ ಬರೆಯುವುದರಲ್ಲಿ ಹೆಚ್ಚಿನದು ಅಲ್ಲಿ ಕಲಿತದ್ದು, ಉಳಿದದ್ದು ಮದ್ರಸದಲ್ಲಿ ಮಾಡಿ ನೋಡಿದ್ದು.

ಅವರು ಬೆಲ್ಲಿಗೆ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರುವ ಪ್ರತಿ ಮಗುವನ್ನೂ ಹೆಸರಿಡಿದು ಕರೆದು ಒಂದು ಮಾತು ಆಡುತ್ತಿದ್ದರು. "ತಂಗಿಗೆ ಜ್ವರ ಬಿಟ್ಟಿತಾ?" "ಇವತ್ತು ಹೊಸ ಚಪ್ಪಲಿಯಾ?" ಅಷ್ಟೇ. ಒಳಗೆ ಹಲಗೆಯ ಮೇಲೆ ಆಗಲೇ ಒಂದು ಕೆಲಸ ಬರೆದಿತ್ತು: ನೀರಿನಲ್ಲಿ ವಾಸಿಸುವ ಐದು ಪ್ರಾಣಿಗಳನ್ನು ಬರೆಯಿರಿ. ಬರೆಯಲು ಬಾರದವರು ಚಿತ್ರ ಬಿಡಿಸಬಹುದು. ಮಕ್ಕಳು ಚೀಲ ಇಟ್ಟು ನೇರವಾಗಿ ಕೆಲಸಕ್ಕೆ ಕೂತರು. ಹಾಜರಿ ಮುಗಿಯುವ ತನಕ ಗದ್ದಲಕ್ಕೆ ಸಮಯವೇ ಇರಲಿಲ್ಲ.

ಇದನ್ನು ನಾವು ಮರುದಿನವೇ ಮದ್ರಸದಲ್ಲಿ ಆರಂಭಿಸಿದೆವು. ಬಾಗಿಲಲ್ಲಿ ನಿಂತು ಮೊದಲು ನಾವೇ ಸಲಾಂ ಹೇಳತೊಡಗಿದೆವು. ಪ್ರವಾದಿವರ್ಯರು(ಸ) ಮಕ್ಕಳ ಬಳಿಯಿಂದ ಹಾದುಹೋಗುವಾಗ ತಾವೇ ಸಲಾಂ ಹೇಳುತ್ತಿದ್ದರೆಂದು ಅನಸ್(ರ) ತಿಳಿಸಿದ್ದಾರೆ. ಇಷ್ಟು ವರ್ಷ ಈ ಹದೀಸನ್ನು ಪಾಠ ಮಾಡಿದ್ದೆವೇ ಹೊರತು ಬಾಗಿಲಲ್ಲಿ ನಿಂತು ಆಚರಿಸಿರಲಿಲ್ಲ.

ನಿಯಮ ಮೂರೇ ಇರಲಿ

ಗೋಡೆಯ ಮೇಲೆ ಹದಿನೈದು ನಿಯಮ ಬರೆದರೆ ಮಕ್ಕಳು ಒಂದನ್ನೂ ನೆನಪಿಡುವುದಿಲ್ಲ. ಮೂರು ಸಾಕು. 'ಮಾತನಾಡಬೇಡಿ', 'ಓಡಬೇಡಿ' ಎಂದು ಬರೆಯುವ ಬದಲು ಏನು ಮಾಡಬೇಕೋ ಅದನ್ನು ಬರೆಯಿರಿ. ನಮ್ಮ ಮದ್ರಸದ ನಿಯಮಗಳು ಇವು: ಒಬ್ಬರು ಮಾತನಾಡುವಾಗ ಉಳಿದವರು ಕೇಳುತ್ತೇವೆ. ಕೈಯೆತ್ತಿ ಕೇಳುತ್ತೇವೆ. ತೆಗೆದ ವಸ್ತುವನ್ನು ತೆಗೆದಲ್ಲೇ ಇಡುತ್ತೇವೆ.

ನಿಯಮ ಹೇಳಿದರೆ ಮುಗಿಯಲಿಲ್ಲ, ಅಭ್ಯಾಸ ಮಾಡಿಸಬೇಕು. ನಾವು ಮಕ್ಕಳಿಗೆ ವುಳೂ ಕಲಿಸುವುದು ಹೇಗೆ? ಭಾಷಣ ಮಾಡುತ್ತೇವೆಯೇ? ನಳ್ಳಿಯ ಬಳಿ ಕರೆದುಕೊಂಡು ಹೋಗಿ, ಮಾಡಿ ತೋರಿಸಿ, ಅವರಿಂದ ಮಾಡಿಸಿ, ಮೊಣಕೈ ಒಣಗಿದ್ದರೆ ಇನ್ನೊಮ್ಮೆ ಮಾಡಿಸುತ್ತೇವೆ. ಸಾಲಾಗಿ ಹೊರಗೆ ಹೋಗುವುದನ್ನೂ ಪುಸ್ತಕ ಹಂಚುವುದನ್ನೂ ಹಾಗೆಯೇ ಕಲಿಸಬೇಕು. ಜೂನ್ ತಿಂಗಳ ಮೊದಲ ಎರಡು ವಾರ ಪಾಠ ಸ್ವಲ್ಪ ಹಿಂದೆ ಬಿದ್ದರೂ ಸರಿ, ಈ ಅಭ್ಯಾಸಕ್ಕೆ ಸಮಯ ಕೊಡಿ. ಉಳಿದ ತಿಂಗಳುಗಳಲ್ಲಿ ಅದು ಲಾಭವಾಗಿ ಮರಳುತ್ತದೆ.

ಎಲ್ಲರನ್ನೂ ಸುಮ್ಮನಾಗಿಸಲು ಒಂದು ಗುರುತು ಇರಲಿ. ನಾವು ಬಲಗೈ ಎತ್ತಿ ನಿಲ್ಲುತ್ತೇವೆ. ನೋಡಿದ ಮಗು ಮಾತು ನಿಲ್ಲಿಸಿ ತಾನೂ ಕೈ ಎತ್ತಬೇಕು. ಆ ಶಿಕ್ಷಕಿ ಮೂರು ಚಪ್ಪಾಳೆ ತಟ್ಟುತ್ತಾರೆ, ಮಕ್ಕಳು ಎರಡು ಚಪ್ಪಾಳೆಯಿಂದ ಉತ್ತರಿಸುತ್ತಾರೆ. ಗುರುತು ಯಾವುದಾದರೂ ಆಗಲಿ, ಎಲ್ಲರೂ ಸುಮ್ಮನಾಗುವ ತನಕ ಕಾಯಬೇಕು. ಗದ್ದಲದ ಮೇಲೆ ನಮ್ಮ ಸ್ವರ ಏರಿಸಿದರೆ ಗದ್ದಲವೂ ಏರುತ್ತದೆ. ಸ್ವರ ತಗ್ಗಿಸಿದರೆ ಮಕ್ಕಳೇ ಕಿವಿ ಕೊಡುತ್ತಾರೆ.

ಒಂದೇ ಕೋಣೆ, ಹಲವು ಮಟ್ಟ

ನಮ್ಮ ಸಹೋದರಿಯ ನಿಜವಾದ ಕಷ್ಟ ಇದು. ಒಂದನೇ ತರಗತಿಗೆ ಹೇಳಿದರೆ ಮೂರನೆಯವರಿಗೆ ಬೇಸರ, ಮೂರನೆಯವರಿಗೆ ಹೇಳಿದರೆ ಒಂದನೆಯವರಿಗೆ ಅರ್ಥವಾಗದು. ಈ ಕಷ್ಟಕ್ಕೆ ನಮ್ಮ ರಾಜ್ಯದ ಶಿಕ್ಷಕರೇ ಒಂದು ದಾರಿ ಮಾಡಿಕೊಂಡಿದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಅದು. ಆಂಧ್ರಪ್ರದೇಶದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ವಿಧಾನವನ್ನು ಕಂಡು, ಅದನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ಶಿಕ್ಷಕರು ರೂಪಿಸಿದರು. ಮುಂದೆ ಅದು ರಾಜ್ಯದ ಸರಕಾರಿ ಶಾಲೆಗಳಿಗೆ ಹರಡಿತು.

ಅದರ ಒಳಗುಟ್ಟು ಸರಳ. ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಮಾಡಿ 'ಕಲಿಕಾ ಏಣಿ' ಎಂದು ಗೋಡೆಗೆ ತೂಗುಹಾಕಿರುತ್ತಾರೆ. ಪ್ರತಿ ಮೆಟ್ಟಿಲಿಗೂ ಕಾರ್ಡುಗಳಿವೆ, ಕಾರ್ಡಿನ ಮೇಲೆ ಗುರುತಿನ ಚಿತ್ರವಿದೆ. ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿ ಮಗುವೇ ತನ್ನ ಕಾರ್ಡು ಹುಡುಕಿ ತರುತ್ತದೆ. ಮಕ್ಕಳು ತರಗತಿಯ ಪ್ರಕಾರ ಕೂರುವುದಿಲ್ಲ, ಬೇಕಾದ ನೆರವಿನ ಪ್ರಕಾರ ಕೂರುತ್ತಾರೆ. ಹೊಸ ಪಾಠದವರು ಶಿಕ್ಷಕರ ಬಳಿ, ಅಭ್ಯಾಸ ಮಾಡುವವರು ಜೊತೆಗಾರರ ಬಳಿ, ತಾವೇ ಮಾಡಬಲ್ಲವರು ಬೇರೆ ಗುಂಪಿನಲ್ಲಿ. ಒಂದು ವಾರ ಶಾಲೆ ತಪ್ಪಿಸಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಗೋಡೆಯ ಕೆಳಭಾಗ ಕಪ್ಪು ಹಲಗೆಯಾಗಿದ್ದು, ಮಕ್ಕಳು ನೆಲದಲ್ಲಿ ಕೂತೇ ಬರೆಯುತ್ತಾರೆ. ಮೇಲೆ ಚಪ್ಪರದಂತೆ ಕಟ್ಟಿದ ದಾರದಲ್ಲಿ ಅವರು ಮಾಡಿದ ಚಿತ್ರಗಳು ತೂಗುತ್ತವೆ.

ಇಂಥ ಕೋಣೆಯಲ್ಲಿ ಸದ್ದು ಇರುತ್ತದೆ. ಆದರೆ ಅದು ಜೇನುಗೂಡಿನ ಸದ್ದು, ಜಗಳದ್ದಲ್ಲ. ಕೆಲಸದ ಸದ್ದನ್ನು ಸಹಿಸಲು ಶಿಕ್ಷಕರು ಕಲಿಯಬೇಕು, ಮುಖ್ಯೋಪಾಧ್ಯಾಯರೂ ಕಲಿಯಬೇಕು.

ಮದ್ರಸದಲ್ಲಿ ನಾವು ಮಾಡಿದ್ದು ಇಷ್ಟು. ಹಳೆಯ ಮದುವೆ ಆಮಂತ್ರಣ ಪತ್ರಗಳನ್ನು ಕತ್ತರಿಸಿ, ಖಾಲಿ ಬದಿಯಲ್ಲಿ ಅರಬಿ ಅಕ್ಷರ ಬರೆದು ಕಾರ್ಡು ಮಾಡಿದೆವು. ಮೂರು ಗುಂಪು ಮಾಡಿದೆವು. ಒಂದು ಗುಂಪು ನಮ್ಮ ಮುಂದೆ ಓದುವಾಗ ಇನ್ನೊಂದು ಬರೆಯುತ್ತದೆ, ಮತ್ತೊಂದು ಕಾರ್ಡಿನ ಆಟ ಆಡುತ್ತದೆ. ಕಾಲು ಗಂಟೆಗೊಮ್ಮೆ ಜಾಗ ಬದಲು. ದೊಡ್ಡ ಮಗು ಚಿಕ್ಕ ಮಗುವಿಗೆ ಹೇಳಿಕೊಡುವಾಗ ಇಬ್ಬರೂ ಕಲಿಯುತ್ತಾರೆ. ತುಂಟತನಕ್ಕೆ ಹೆಸರಾಗಿದ್ದ ಹುಡುಗನಿಗೆ ಕಾರ್ಡಿನ ಡಬ್ಬಿಯ ಜವಾಬ್ದಾರಿ ಕೊಟ್ಟೆವು. ಒಂದು ಕಾರ್ಡೂ ಕಳೆಯದಂತೆ ವರ್ಷವಿಡೀ ನೋಡಿಕೊಂಡ.

ಕೈಗೆ ಕೆಲಸ ಕೊಡುವ ಕೆಲವು ಆಟಗಳು

ಹುಣಸೆ ಬೀಜದ ಆಟ: ಬಾ, ತಾ, ಸಾ ಅಕ್ಷರಗಳ ಆಕಾರ ಒಂದೇ, ಚುಕ್ಕೆ ಬೇರೆ. ನೆಲದ ಮೇಲೆ ಸೀಮೆಸುಣ್ಣದಿಂದ ಆಕಾರ ಬರೆದು ಬೀಜ ಕೊಡಿ. 'ಬಾ' ಎಂದರೆ ಕೆಳಗೆ ಒಂದು ಬೀಜ, 'ತಾ' ಎಂದರೆ ಮೇಲೆ ಎರಡು, 'ಸಾ' ಎಂದರೆ ಮೇಲೆ ಮೂರು. ಕನ್ನಡದ ಕಾಗುಣಿತಕ್ಕೂ ಇದನ್ನೇ ಮಾಡಬಹುದು. ತಲಕಟ್ಟು, ಗುಡಿಸು, ಕೊಂಬುಗಳನ್ನು ಬೇರೆ ಕಾರ್ಡಿನಲ್ಲಿ ಬರೆದು ಅಕ್ಷರಕ್ಕೆ ಜೋಡಿಸಿ ಓದಿಸಿ.

ಕಡ್ಡಿ ಕಟ್ಟು: ತೆಂಗಿನ ಗರಿಯ ಕಡ್ಡಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ಹತ್ತು ಹತ್ತರ ಕಟ್ಟು ಮಾಡಿಸಿ. 34 ಎಂದರೆ ಮೂರು ಕಟ್ಟು, ನಾಲ್ಕು ಬಿಡಿ. 34ರಿಂದ 8 ಕಳೆಯಬೇಕಾದರೆ ಒಂದು ಕಟ್ಟು ಬಿಚ್ಚಲೇಬೇಕು. 'ದಶಕ ತೆಗೆದುಕೊಳ್ಳುವುದು' ಎಂದರೆ ಏನೆಂದು ಆಗ ಮಗುವಿನ ಬೆರಳಿಗೇ ಅರ್ಥವಾಗುತ್ತದೆ.

ಪಕ್ಕದವರಿಗೆ ಹೇಳು: ಪ್ರಶ್ನೆ ಕೇಳಿದೊಡನೆ ಕೈಯೆತ್ತುವವರು ಅದೇ ನಾಲ್ಕು ಮಕ್ಕಳು. ಅದರ ಬದಲು, ಅರ್ಧ ನಿಮಿಷ ಯೋಚಿಸಿ ಪಕ್ಕದವರಿಗೆ ಉತ್ತರ ಹೇಳಿ ಎನ್ನಿ. 34 ಮಕ್ಕಳೂ ಬಾಯಿ ಬಿಡುತ್ತಾರೆ. ನಾಚಿಕೆಯ ಮಗು ನೂರು ಕಿವಿಗೆ ಹೇಳದ್ದನ್ನು ಒಂದು ಕಿವಿಗೆ ಹೇಳುತ್ತದೆ.

ಎದ್ದು ನಿಲ್ಲುವ ಆಟ: ಹೇಳಿದ್ದು ಸರಿಯಾದರೆ ನಿಲ್ಲಬೇಕು, ತಪ್ಪಾದರೆ ಕೂರಬೇಕು. ಐದು ನಿಮಿಷದಲ್ಲಿ ಪಾಠದ ಪುನರಾವರ್ತನೆಯಾಗುತ್ತದೆ, ಮೈಯ ಜಡವೂ ಹೋಗುತ್ತದೆ.

ಒಂದೇ ಬಗೆಯ ಪಾಠವನ್ನು ಎಳೆಯಬೇಡಿ. ಸಹಾಬಿಗಳಿಗೆ ಬೇಸರವಾಗಬಾರದೆಂದು ಪ್ರವಾದಿವರ್ಯರು(ಸ) ದಿನಗಳನ್ನು ಆರಿಸಿಕೊಂಡು ಬಿಡುವು ಕೊಟ್ಟು ಉಪದೇಶಿಸುತ್ತಿದ್ದರೆಂದು ಇಬ್ನ್ ಮಸ್‌ಊದ್(ರ) ವರದಿ ಮಾಡಿದ್ದಾರೆ. ದೊಡ್ಡವರಿಗೇ ಆ ಎಚ್ಚರಿಕೆ ಬೇಕಿದ್ದರೆ ಆರು ವರ್ಷದ ಮಗುವಿಗೆ ಎಷ್ಟು ಬೇಕು? ಮನುಷ್ಯನ ಆಸೆ ಮತ್ತು ಆಯುಷ್ಯದ ವಿಷಯ ತಿಳಿಸಲು ಅವರು(ಸ) ನೆಲದ ಮೇಲೆ ಗೆರೆಗಳನ್ನು ಎಳೆದು ತೋರಿಸಿದ್ದೂ ಉಂಟು. ಚಿತ್ರ ಬರೆದು ಕಲಿಸುವುದು ನಮಗೆ ಹೊಸದಲ್ಲ, ನಾವು ಮರೆತಿದ್ದೇವೆ ಅಷ್ಟೇ.

ತಪ್ಪು ಮಾಡಿದ ಮಗುವಿಗೆ ಏನು ಹೇಳಬೇಕು?

ಪ್ರವಾದಿವರ್ಯರ(ಸ) ಮನೆಯಲ್ಲಿ ಬೆಳೆಯುತ್ತಿದ್ದ ಉಮರ್ ಬಿನ್ ಅಬೀ ಸಲಮ(ರ) ಎಂಬ ಬಾಲಕ ಊಟಕ್ಕೆ ಕೂತಾಗ ತಟ್ಟೆಯ ತುಂಬ ಕೈಯಾಡಿಸುತ್ತಿದ್ದರು. ಪ್ರವಾದಿವರ್ಯರು(ಸ) ಗದರಲಿಲ್ಲ. ಮಗೂ ಎಂದು ಕರೆದು, ಅಲ್ಲಾಹನ ಹೆಸರು ಹೇಳುವಂತೆ, ಬಲಗೈಯಲ್ಲಿ ತಿನ್ನುವಂತೆ, ತನ್ನ ಹತ್ತಿರದ್ದನ್ನು ತಿನ್ನುವಂತೆ ತಿಳಿಸಿದರು. ಮೂರೇ ಮಾತು. ಮಾಡಿದ್ದು ತಪ್ಪೆಂದು ಎತ್ತಿ ಆಡಲಿಲ್ಲ, ಏನು ಮಾಡಬೇಕೆಂದು ಹೇಳಿದರು. ಅಂದಿನಿಂದ ತಾನು ಹಾಗೆಯೇ ಉಣ್ಣುತ್ತ ಬಂದೆನೆಂದು ಆ ಬಾಲಕ ದೊಡ್ಡವರಾದ ಮೇಲೆ ನೆನಪಿಸಿಕೊಂಡರು. ಮಗುವನ್ನು ತಿದ್ದುವ ವಿಧಾನಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮಗೆ ಸಿಕ್ಕಿಲ್ಲ.

ತರಗತಿಯಲ್ಲಿ ಇದನ್ನು ಹೀಗೆ ಬಳಸಬಹುದು. ದೂರದಿಂದ ಹೆಸರು ಕೂಗಬೇಡಿ, ಹತ್ತಿರ ಹೋಗಿ. ಅರ್ಧ ತುಂಟತನ ನೀವು ಪಕ್ಕದಲ್ಲಿ ನಿಂತರೇ ನಿಲ್ಲುತ್ತದೆ. ನಿಲ್ಲದಿದ್ದರೆ ಬಗ್ಗಿ ಮೆಲ್ಲಗೆ ಹೇಳಿ: "ಈಗ ಪುಸ್ತಕ ತೆರೆ, ಎರಡನೇ ಸಾಲು ಓದು." ಉಳಿದವರ ಮುಂದೆ ನಾಚಿಸಬೇಡಿ. ದೊಡ್ಡ ತಪ್ಪಾದರೆ ತರಗತಿ ಮುಗಿದ ಮೇಲೆ ಒಬ್ಬನನ್ನೇ ಕೂರಿಸಿ ಏನಾಯಿತೆಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಚೆಲ್ಲಿದ್ದನ್ನು ಒರೆಸುವುದು, ಹರಿದದ್ದನ್ನು ಅಂಟಿಸುವುದು, ನೋಯಿಸಿದವನಲ್ಲಿ ಕ್ಷಮೆ ಕೇಳುವುದು ಇವೇ ತಕ್ಕ ಶಿಕ್ಷೆಗಳು. ಒಳ್ಳೆಯದು ಮಾಡಿದಾಗ ಬರೀ 'ಶಾಬಾಶ್' ಎನ್ನದೆ, "ಬಿದ್ದವನ ಪೆನ್ಸಿಲ್ ಎತ್ತಿಕೊಟ್ಟೆ, ನೋಡಿದೆ" ಎಂದು ಮಾಡಿದ್ದನ್ನು ಹೆಸರಿಸಿ ಹೇಳಿ.

ಕೆಲವು ಹಿರಿಯರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ. ಹತ್ತು ವರ್ಷದ ಮಗುವಿಗೆ ನಮಾಝಿನ ವಿಷಯದಲ್ಲಿ ಹೊಡೆಯಲು ಹದೀಸಿನಲ್ಲಿ ಅನುಮತಿ ಇದೆಯಲ್ಲ ಎನ್ನುತ್ತಾರೆ. ಆ ಹದೀಸ್ ಹೇಳಿರುವುದು ಹೆತ್ತವರಿಗೆ, ನಮಾಝಿನ ವಿಷಯದಲ್ಲಿ, ಏಳನೇ ವರ್ಷದಿಂದ ಮೂರು ವರ್ಷ ಹೇಳಿ ಕಲಿಸಿದ ಮೇಲೆ. ಅಲ್ಲಿಯೂ ನೋವಾಗುವಂತೆ, ಗಾಯವಾಗುವಂತೆ ಹೊಡೆಯಬಾರದು, ಮುಖ ಮುಟ್ಟಬಾರದು ಎಂದು ವಿದ್ವಾಂಸರು ಷರತ್ತು ಹಾಕಿದ್ದಾರೆ. ಆರು ವರ್ಷದ ಮಗು ಅಕ್ಷರ ತಪ್ಪಿದ್ದಕ್ಕೆ ಬೆತ್ತ ಎತ್ತಲು ಅದರಲ್ಲಿ ಪುರಾವೆ ಇಲ್ಲ. ಪ್ರವಾದಿವರ್ಯರು(ಸ) ಮಹಿಳೆಯನ್ನಾಗಲಿ ಸೇವಕರನ್ನಾಗಲಿ ಎಂದೂ ಕೈಯಿಂದ ಹೊಡೆದವರಲ್ಲ ಎಂದು ಆಯಿಶಾ(ರ) ಸಾಕ್ಷಿ ಹೇಳಿದ್ದಾರೆ.

ನಮ್ಮ ದೇಶದ ಕಾನೂನೂ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2012ರ ತಿದ್ದುಪಡಿಯಂತೆ ಮದ್ರಸಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಕೆಲವರು ನೆನಪಿಸುತ್ತಾರೆ. ಅದು ನಿಜ. ಆದರೆ ಆ ಕಲಮು ತಲುಪದ ಕಡೆಯಲ್ಲೂ ಅಲ್ಲಾಹನ ಲೆಕ್ಕ ತಲುಪುತ್ತದೆ. ಶಾಲೆಯಲ್ಲಿ ಪೆಟ್ಟಿಲ್ಲದೆ ಕಲಿಯುವ ಮಗು ದೀನ್ ಕಲಿಯುವ ಜಾಗದಲ್ಲಿ ಮಾತ್ರ ಪೆಟ್ಟು ತಿಂದರೆ, ಅದರ ಮನಸ್ಸಿನಲ್ಲಿ ದೀನಿನ ಬಗ್ಗೆ ಯಾವ ಚಿತ್ರ ಉಳಿದೀತು? ಇದನ್ನು ನಮ್ಮ ಉಸ್ತಾದರುಗಳೂ ಜಮಾಅತ್ ಕಮಿಟಿಯವರೂ ಕೂತು ಯೋಚಿಸಬೇಕು.

ಹೆತ್ತವರಿಗೆ ನಾಲ್ಕು ಮಾತು

"ಮಾಂಸ ನಿಮ್ಮದು, ಎಲುಬು ನಮ್ಮದು" ಎಂದು ಹೇಳಿ ಮಗುವನ್ನು ಉಸ್ತಾದರಿಗೆ ಒಪ್ಪಿಸುವ ರೂಢಿ ನಮ್ಮಲ್ಲಿತ್ತು. ದಯವಿಟ್ಟು ಆ ಮಾತು ಬಿಡಿ. "ಟೀಚರಿಗೆ ಹೇಳುತ್ತೇನೆ", "ಉಸ್ತಾದರಿಗೆ ಹೇಳುತ್ತೇನೆ" ಎಂದು ಹೆದರಿಸುವುದನ್ನೂ ಬಿಡಿ. ಮನೆಯಲ್ಲಿ ಗುಮ್ಮ ಮಾಡಿದವರ ಬಳಿ ಮಗು ಸಂಶಯ ಕೇಳಲು ಹೇಗೆ ಹೋದೀತು?

ನಮ್ಮ ಮಕ್ಕಳ ದಿನ ಉದ್ದ. ಸುಬ್‌ಹಿಯ ಬೆನ್ನಿಗೆ ಎದ್ದು ಮದ್ರಸ, ಅಲ್ಲಿಂದ ಶಾಲೆ, ಸಂಜೆ ಕೆಲವರಿಗೆ ಟ್ಯೂಷನ್. ರಾತ್ರಿ ಹನ್ನೊಂದರ ತನಕ ಮೊಬೈಲ್ ನೋಡಿದ ಮಗು ಬೆಳಿಗ್ಗೆ ಏಳಕ್ಕೆ ತೂಕಡಿಸುವುದು ಸೋಮಾರಿತನವಲ್ಲ. ಬೇಗ ಮಲಗಿಸಿ. ಖಾಲಿ ಹೊಟ್ಟೆಯಲ್ಲಿ ಕಳುಹಿಸಬೇಡಿ. ಮನೆಗೆ ಬಂದ ಮಗುವನ್ನು 'ಎಷ್ಟು ಮಾರ್ಕು?' ಎನ್ನುವ ಮೊದಲು 'ಇವತ್ತು ಏನು ಕೇಳಿದೆ?' ಎಂದು ಕೇಳಿ. ಶಿಕ್ಷಕರನ್ನು ದೂರು ಇದ್ದಾಗ ಮಾತ್ರವಲ್ಲ, ಇಲ್ಲದಾಗಲೂ ಭೇಟಿಯಾಗಿ.

ಕಮಿಟಿಯವರಲ್ಲಿ ಒಂದು ವಿನಂತಿ. ಶಿಕ್ಷಣ ಹಕ್ಕು ಕಾಯ್ದೆ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕೆನ್ನುತ್ತದೆ. ನಮ್ಮಲ್ಲಿ ಒಬ್ಬರೇ ಉಸ್ತಾದರ ಕೈಯಲ್ಲಿ ಅಷ್ಟೂ ಮಕ್ಕಳನ್ನು ಕೊಟ್ಟು, ಸಂಬಳವನ್ನು ತಿಂಗಳು ಮುಂದೂಡಿ, ಆಮೇಲೆ ತಾಳ್ಮೆಯ ಪಾಠ ಹೇಳುವುದು ನ್ಯಾಯವಲ್ಲ. ಸೋತು ಸುಸ್ತಾದವರ ಕೈಗೇ ಬೆತ್ತ ಬೇಗ ಸಿಗುತ್ತದೆ.

ನಾಳೆಯಿಂದಲೇ

ಸಹೋದರೀ, ಇಷ್ಟನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ನಾಳೆ ಬಾಗಿಲಲ್ಲಿ ನಿಂತು ಪ್ರತಿ ಮಗುವನ್ನೂ ಹೆಸರಿಡಿದು ಕರೆಯಿರಿ. ಹಲಗೆಯ ಮೇಲೆ ಒಂದು ಕೆಲಸ ಮೊದಲೇ ಬರೆದಿಡಿ. ಈ ವಾರದೊಳಗೆ 34 ಮಕ್ಕಳ ಕಣ್ಣು, ಕಿವಿ ನೋಡಿ. ಉಳಿದದ್ದನ್ನು ತಿಂಗಳಿಗೊಂದರಂತೆ ಸೇರಿಸಿಕೊಳ್ಳಿ. ಕೆಲವು ದಿನ ಎಲ್ಲವೂ ಕೆಡುತ್ತದೆ, ಮಳೆಯ ದಿನ ಹೆಚ್ಚು ಕೆಡುತ್ತದೆ. ನಮಗೂ ಈಗಲೂ ಹಾಗಾಗುತ್ತದೆ. ಮರುದಿನ ಮತ್ತೆ ಬಾಗಿಲಲ್ಲಿ ನಿಲ್ಲಿ.

ಕರುಣೆಯಿಂದ ಗದ್ದಲ ನಿಲ್ಲುತ್ತದೆಯೇ ಎಂದು ಕೇಳಿದ್ದಿರಿ. ಬರೀ ಮನಸ್ಸಿನ ಕರುಣೆಯಿಂದ ನಿಲ್ಲುವುದಿಲ್ಲ. ಆದರೆ ಹಿಂದಿನ ರಾತ್ರಿ ಕಾರ್ಡು ಕತ್ತರಿಸುವುದು, ಕಡ್ಡಿ ಎಣಿಸಿಡುವುದು, ಕಾಣದ ಮಗುವನ್ನು ಮುಂದಿನ ಸಾಲಿಗೆ ಕರೆಯುವುದು, ಇದೂ ಕರುಣೆಯೇ. ಮಕ್ಕಳಿಗೆ ಕಲಿಸುವವರ ಕರುಣೆ ಬಹುಪಾಲು ಪೂರ್ವಸಿದ್ಧತೆಯಲ್ಲೇ ಇದೆ.

ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುವ ಎಲ್ಲ ಗುರುಗಳಿಗೂ ಅಲ್ಲಾಹನು ತಾಳ್ಮೆಯನ್ನೂ ತಕ್ಕ ಪ್ರತಿಫಲವನ್ನೂ ನೀಡಲಿ. ಅರಿಯದೆ ನಾವು ನೋಯಿಸಿದ ಮಕ್ಕಳ ವಿಷಯದಲ್ಲಿ ನಮ್ಮನ್ನು ಕ್ಷಮಿಸಲಿ. ಆಮೀನ್.